ಸೀತುವಿಗೆ ಹೇಳಿದ ‘ಇರಬಹುದು’

೧೮ ಆಗಸ್ಟ್ ೨೦೦೯, ಮಂಗಳವಾರ. ಶಿರೂರು.

ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಓರಗಿತ್ತಿ ಸೀತುವಿಗೆ ಸರಿಯಾಗಿ ದಾಟಿಸಿದೆನೇ? ಕಳೆದ ವರ್ಷ ಅವಳ ಮಗಳು ಚಂದನಾಳಿಗೆ ವಾಂತಿಭೇದಿಯಾಯಿತು. ಅದು ನಿಂತ ಮೇಲೂ ಕರುಳಿನ ಉರಿಯೂತ ಉಳಿದುಕೊಂಡಿತು. ಅವತ್ತು ತಾನು ಮಾಡಿದ ಬಂಗುಡೆ ಮೀನಿನ ಸಾರೇ ಕಾರಣವೆಂದುಕೊಂಡು ಸೀತು ಮಗಳಿಗೆ ಅಡುಗೆ ಮಾಡುವುದನ್ನೇ ಬಿಟ್ಟಿದ್ದಳು. ಅಂದಿನಿಂದ ಹುಡುಗಿಗೆ ಬೇಯಿಸುವವಳು ನಾನು.

ಈಗ ಮದ್ದಿನಿಂದ ಮಲದಲ್ಲಿ ರಕ್ತ ಹೋಗುವುದು ನಿಂತಿದೆ. ಬ್ಯಾಕ್ಟೀರಿಯಾ ಸೋಂಕಿಗೂ ಈ ಕಾಯಿಲೆಗೂ ನಂಟು ಇರಬಹುದು, ಇನ್ನೂ ಖಚಿತವಿಲ್ಲ, ಒಂದು ಊಟವನ್ನು ದೂರಲಾಗದು ಎಂದರು ಡಾಕ್ಟರ್. ಸೀತುವಿಗೆ ‘ನಂಟಿಲ್ಲ’ ಎಂದುಬಿಡೋಣ ಅನ್ನಿಸಿತು. ಆದರೂ ಊರಿಗೆ ಮರಳುವ ಬಸ್ಸಿನಲ್ಲಿ ಇದ್ದದ್ದನ್ನೇ ಹೇಳಿದೆ.

ಆ ‘ಇರಬಹುದು’ ಎಂಬುದನ್ನೇ ಹಿಡಿದು ಸೀತು ಕೇಳಿದಳು: “ಹುಳದಿಂದ ಇಪ್ಪುಕೂ ಸಾಕ್ ಅಂಬ್ರಾ? ಹಾಂಗಾರೆ ಅದ್ಕೊಂದ್ ಮದ್ದ್ ಸಿಕ್ಕುಕೂ ಸಾಕಲ್ದಾ ಅಕ್ಕ?”

“ಅಲ್ಲಿವರೆಗೂ ನಾನ್ ದೊಡ್ಡಮ್ಮನ ಸಪ್ಪೆ ಗಂಜಿಯೇ ಉಣ್ಕಾ?” ಎಂದಳು ಚಂದನಾ.

ಮದ್ದು ಸಿಗುವುದು ಅಷ್ಟು ಸುಲಭವಲ್ಲ ಎಂದು ಸೀತುವಿಗೆ ಹೇಳಬೇಕಿತ್ತೇನೋ. ಹೇಳಲಿಲ್ಲ.

ರಾತ್ರಿ ಒಲೆಯ ಮುಂದೆ ಸೀತುವೇ ನಿಂತಳು. ಗಂಜಿ, ಖಾರವಿಲ್ಲದೆ ಬೇಯಿಸಿದ ಮೀನು. ತಾನೇ ಬಡಿಸಿದಳು. ಚಂದನಾ ಇನ್ನೊಂದು ಸಲ ಹಾಕಿಸಿಕೊಂಡಳು.

ನಾಳೆ ಹುಡುಗಿಯ ಹೊಟ್ಟೆ ಕೆಟ್ಟರೂ ಅದು ಈ ಊಟದಿಂದಲೇ ಅಂದುಕೊಳ್ಳಬೇಡ ಎಂದು ಬೆಳಿಗ್ಗೆ ಎದ್ದವಳೇ ಸೀತುವಿಗೆ ಹೇಳಬೇಕು.