ಆರು ವರ್ಷದ ಅತ್ತೆ

ಹೊಟ್ಟೆಯೊಳಗಿನ ನನ್ನ ಕೂಸೇ,

ಒದೆಯಬೇಡ, ಸ್ವಲ್ಪ ಸುಮ್ಮನಿರು. ಉಮರ್ಗಾದ ಈ ಕಂಪ್ಯೂಟರ್ ಕ್ಲಾಸಿನಲ್ಲಿ ಕರೆಂಟ್ ಹೋಗಿದೆ, ಕಲಿಯುವ ಹುಡುಗಿಯರು ಚಹಾಕ್ಕೆ ಹೋಗಿದ್ದಾರೆ, ಕಲಿಸುವ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆ ಬಾಣಂತನಕ್ಕೆಂದು ನಿಲಂಗಾದ ತವರಿಗೆ ಹೊರಡಬೇಕು. ಅದಕ್ಕೆ ಮೊದಲು ನಿನ್ನೆ ಆದದ್ದನ್ನು ನಿನಗೆ ಹೇಳದಿದ್ದರೆ ತಲೆ ಸಿಡಿದೀತು.

ನಿನ್ನ ಅಜ್ಜಿ ಶಿವಕಾಂತಮ್ಮ, ನೀನೇ ಮಹಾನಂದಾ ಎಂದು ನಂಬಿದ್ದಾರೆ. ಅವಳು ನಿನ್ನ ಅಪ್ಪನ ತಂಗಿ. ತೊಂಬತ್ತಮೂರರ ಭೂಕಂಪದಲ್ಲಿ ಸಾಸ್ತೂರಿನ ಮನೆ ಬಿದ್ದಾಗ ಹೋದಳು, ಆರು ವರ್ಷದವಳು. ನೀನು ಒದ್ದರೆ ಸಾಕು, "ನೋಡ, ನನ್ನ ನಂದಾ ತಿರಗಿ ಬಂದಾಳ" ಅನ್ನುತ್ತಾರೆ. ಹೆಸರೂ ಅದೇ ಅಂತೆ, ನಿನಗೆ ಹಾಲು ಸೇರುವುದಿಲ್ಲವಂತೆ, ಕತ್ತಲೆಗೆ ಅಂಜುತ್ತೀಯಂತೆ. ಹುಟ್ಟುವ ಮೊದಲೇ ನಿನ್ನ ಬಾಳೆಲ್ಲ ಬೇರೆಯವರದ್ದಾಯಿತಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಆ ಸಿಟ್ಟು ಪಾಠಕ್ಕೂ ಹತ್ತಿತು. ಕಂಪ್ಯೂಟರಿಗೆ ಕೆಲಸ ಹೇಳುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಕನ್‌ಸ್ಟ್ರಕ್ಟರ್ ಫಂಕ್ಷನ್ ಅಂತ ಒಂದಿದೆ. 'ನ್ಯೂ' ಎಂಬ ಪದ ಹಚ್ಚಿ ಕರೆದಾಗಲೆಲ್ಲ ಅದೇ ಅಚ್ಚಿನ ಹೊಸ ಆಬ್ಜೆಕ್ಟ್ ಹುಟ್ಟಿಸುತ್ತದೆ. ಹುಡುಗಿಯರಿಂದ 'ಕೂಸು' ಎಂಬ ಫಂಕ್ಷನ್ ಬರೆಸಿದೆ. ಎರಡು ಸಲ ಕರೆದು ಎರಡಕ್ಕೂ ನಂದಾ ಎಂದೇ ಹೆಸರು, ಆರೇ ವಯಸ್ಸು ಕೊಟ್ಟೆವು. ನಿಮ್ಮನ್ನು ಹುಟ್ಟಿಸಿದ್ದು ಯಾರು ಎಂದರೆ ಎರಡೂ ಅದೇ ಫಂಕ್ಷನ್ನನ್ನು ತೋರಿಸಿದವು. ಅಳುವುದನ್ನು, ಮನೆತನದ ಗುಣದ ಹಾಗೆ ಎಲ್ಲಕ್ಕೂ ಸೇರಿದ ಪ್ರೊಟೊಟೈಪಿನಲ್ಲಿ ಇಟ್ಟಿದ್ದೆವು, ಹಾಗಾಗಿ ಎರಡೂ ಒಂದೇ ರೀತಿ ಅತ್ತವು. ಒಂದರ ವಯಸ್ಸು ಏರಿಸಿದೆವು, ಇನ್ನೊಂದು ಆರಕ್ಕೇ ನಿಂತಿತ್ತು. ಇವೆರಡೂ ಒಂದೇ ಏನು ಎಂದು ಕೇಳಿದರೆ ಪರದೆ 'ಫಾಲ್ಸ್', ಅಂದರೆ ಅಲ್ಲ, ಅಂದಿತು.

ನಿನ್ನೆ ರೊಟ್ಟಿ ಬಡಿಯುತ್ತ ಇದನ್ನೇ ಅಜ್ಜಿಯ ಮುಂದೆ ಒದರಿದೆ. ಮನೆತನ ಒಂದೇ ಇರಲಿ, ಗುಣ ಒಂದಿಷ್ಟು ಬರಲಿ, ಕೂಸು ಮಾತ್ರ ಬೇರೆ ಎಂದೆ. ಹಿಟ್ಟು ನಾದುತ್ತಿದ್ದ ಅವರು ಕೈ ನಿಲ್ಲಿಸಿ ಕೇಳಿದರು, "ಹಂಗಾದ್ರ ನನ್ನ ಕೂಸು ಎಲ್ಲಿ ಹೋತು?"

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಅಪ್ಪನ ತಂಗಿ ಎಂಬುದು ಆಗಲೇ ನೆನಪಾದದ್ದು.

"ಆಕೀನ ತೊಟ್ಟಿಲದಾಗ ಮಲಗಿಸಿದ್ರ ಹೆಸರ ಯಾರ ಇಡಬೇಕ್ರಿ?" ಎಂದೆ. "ಆಕಿ ಇದಕ ಅತ್ತಿ. ಆಕಿ ಬದಲಿಗೆ ನೀವ ಹೇಳ್ರಿ. ಆಕಿ ಏನ ಇಡ್ತಿದ್ಳು?"

ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಕರಕ್ಕೂ ಬೆಕ್ಕಿಗೂ ಎಲ್ಲಾಕೂ ಚಿನ್ನಿ ಅಂತಿದ್ಳವಾ" ಎಂದರು. ಮಗಳ ಮಾತು ಬಂದಾಗ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೆಣ್ಣೋ ಗಂಡೋ, ನೀನು ಚಿನ್ನಿಯೇ. ಏಳಕ್ಕೆ ಬಿದ್ದಾಗ ನಿನ್ನ ಅತ್ತೆಗಿಂತ ದೊಡ್ಡ ಕೂಸಾಗುತ್ತೀಯ. ಆಗಲೂ ಅವಳಿಗೆ ಅತ್ತೆಯ ಮರ್ಯಾದೆ ಕೊಡು.

ನಿನ್ನ ಆಯುಷ್ಯ ನಿನ್ನದೇ ಆಗಲಿ, ಉದ್ದವಾಗಲಿ.

ನಿನ್ನ ಮುಖ ನೋಡಲು ಚಡಪಡಿಸುತ್ತಿರುವ ಅವ್ವ,
ಸಪನಾ