ಕಡಲಹೂವಿಗೆ ಎರೆದ ನೀರು

೨೦ ಜನವರಿ ೨೦೦೮, ಭಾನುವಾರ

ಊಟದ ಟೇಬಲ್ ಮೇಲೆ ಸಾಲಾಗಿ ನಾಲ್ಕು ಲೋಟ. ಇವರು ಕನ್ನಡಕ ಏರಿಸಿಕೊಂಡು ಪೆನ್ನಿನಂಥ ಮೀಟರನ್ನು ಒಂದೊಂದರಲ್ಲೂ ಅದ್ದಿದರು. ನೀರಿನಲ್ಲಿ ಏನೆಷ್ಟು ಕರಗಿದೆ ಎಂದು ತೋರಿಸುತ್ತದಂತೆ, ಅಂಕಿ ಕಡಿಮೆ ಇದ್ದಷ್ಟೂ ಶುದ್ಧ. ನಲ್ಲಿ ನೀರು ೧೪೦, ಜೊತೆಗೆ ಬ್ಲೀಚಿಂಗ್ ವಾಸನೆ. ಭಾವಿಕೇರಿಯ ನನ್ನ ತವರಿನ ಬಾವಿ ನೀರು ೯೦. ಒಳಗೊಳಗೇ ಬೇಸರ. ಅಷ್ಟು ಸಿಹಿ ನೀರಿಗೂ ೯೦? ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ೩. ಆದರೆ ಎಂಥ ಡಬ್ಬಿಯಲ್ಲಿ ತುಂಬುತ್ತಾರೋ, ನಂಬಿಕೆ ಇಲ್ಲ ಎಂದರು. ಕೊನೆಗೆ ನಂದಿನಿಯ ಕ್ಯಾನಿನ ನೀರು. ೬.

ನಂದಿನಿ ನನ್ನ ಹಳೆಯ ವಿದ್ಯಾರ್ಥಿನಿ. ಭಾವಿಕೇರಿಯವಳೇ. ಬಿಎಸ್ಸಿ ಮುಗಿಸಿದಳು, ಹೋದ ವರ್ಷ ಅಂಕೋಲೆಯಲ್ಲಿ ಗಂಡ ಪ್ರದೀಪನ ಜೊತೆ ನೀರು ಶುದ್ಧ ಮಾಡುವ ಘಟಕ ಹಾಕಿದಳು. ಕಾರವಾರದ ನಮ್ಮ ಕಾಲನಿಯಲ್ಲಿ ಹದಿನೆಂಟು ಮನೆಗೆ ಅವಳದೇ ಕ್ಯಾನು. ‘ಇದೇ ಇರಲಿ’ ಎಂದೆ. ಆಯ್ಕೆ ನನ್ನದು.

ಮೀನು ತಂದ ಹಾರವಾಡದ ಮಾದೇವಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

“ಅಕ್ಕೋರೇ, ಇದೆಂತಾ ಔಷಧ ಮಾಡ್ತ್ರಿ?”

ಶುದ್ಧ ನೀರಿಗೆ ಪ್ಯಾಕೆಟ್ಟಿನ ಉಪ್ಪು ಕಲಸಿ ಮೀನು ಸಾಕುವ ಗಾಜಿನ ತೊಟ್ಟಿಯಲ್ಲಿ ಸಮುದ್ರ ಮಾಡುವುದು, ಆಮೇಲೆ ಆರಿದಷ್ಟು ಬರೀ ಶುದ್ಧ ನೀರು ತುಂಬುವುದು ಎಂದೆ.

“ಅಯ್ಯೋ ದೇವರೇ! ಸಮುದ್ರದ ಬಾಜೂಕೆ ಕೂತ್ಕಂಡು ಪ್ಯಾಕೆಟ್ಟಿನ ಸಮುದ್ರ? ನಮ್ಮನಿ ಹಿಂದೆ ಬನ್ನಿ, ಬೇಕಾದಷ್ಟು ಅದೆ. ಹೊತ್ಕಂಡು ಹೋಗಿ.”

ದಂಡೆಯ ನೀರಿನಲ್ಲಿ ದೋಣಿಯ ಎಣ್ಣೆ, ಹೊಳೆಯ ಕೆಸರು ಎಂದು ಇವರು ವಿವರಿಸಿದರು.

“ಹಂಗಾರೆ ನಾ ತಂದ ಬಂಗಡೆನೂ ತಕಣಬೇಡಿ, ಸಾಹೇಬ್ರೇ.”

ನಕ್ಕೆವು. ಬಂಗಡೆ ತೆಗೆದುಕೊಂಡೆವು.

೧೧ ಫೆಬ್ರವರಿ, ಸೋಮವಾರ

ಇವರು ಬ್ಯಾಂಕಿನ ಟ್ರೇನಿಂಗಿಗೆ ಮಂಗಳೂರಿಗೆ ಹೋದರು. ಹತ್ತು ದಿನ. ತೊಟ್ಟಿಯ ಮೇಲೆ ಗೋಡೆಗೆ ಚೀಟಿ — ‘ದಿನಾ ಗೆರೆಯ ತನಕ ನೀರು. ನಂದಿನಿಯದು ಮಾತ್ರ. ಬೇರೆ ಏನೂ ಬೇಡ.’

ಎಂಟು ತಿಂಗಳು ಕಾದು ಮುಂಬಯಿಯಿಂದ ತರಿಸಿದ್ದು ತೊಟ್ಟಿಯ ಎನಿಮೋನ್. ನನಗೆ ಅದು ಕಡಲಹೂವು. ಹೂವಲ್ಲ, ಪ್ರಾಣಿ. ಆದರೂ ಎಸಳು ಅಲ್ಲಾಡಿದಾಗ ಗಾಳಿ ಬೀಸಿದಂತೆ. ಬಿಳಿ ಪಟ್ಟೆಯ ಕಿತ್ತಳೆ ಮೀನುಗಳೆರಡು ಅದರೊಳಗೇ ಮಲಗುತ್ತವೆ. ಇವರು ಬ್ಯಾಂಕಿನಿಂದ ಬಂದು ಚಹಾ ಹಿಡಿದು ಕೂರುವುದು ಅದರ ಎದುರಿಗೆ. ಚಹಾ ಆರುತ್ತದೆ, ಎಚ್ಚರವಿಲ್ಲ.

ಕ್ಯಾನಿನ ಮುಚ್ಚಳ ತೆಗೆದರೆ ಪ್ಲಾಸ್ಟಿಕ್ ವಾಸನೆ. ಮನಸ್ಸು ಒಪ್ಪಲಿಲ್ಲ. ತವರಿನಿಂದ ಬಂದ ಆಯಿಯ ತಾಮ್ರದ ಕೊಡ ಇಳಿಸಿ ಹುಣಸೆಹುಳಿ ಹಾಕಿ ತಿಕ್ಕಿದೆ. ಅಡುಗೆಮನೆಗೆ ಬೆಳಕು ಬಂದ ಹಾಗಾಯಿತು. ಆಯಿ ರಾತ್ರಿ ಅದರಲ್ಲಿ ನೀರು ತುಂಬಿಟ್ಟು ಬೆಳಿಗ್ಗೆ ಮೊದಲು ದೇವರಿಗೆ, ಆಮೇಲೆ ನಮಗೆ ಕೊಡುತ್ತಿದ್ದಳು. ಕ್ಯಾನು ಬಗ್ಗಿಸಿ ಕೊಡ ತುಂಬಿಸಿದೆ. ಇನ್ನು ಹತ್ತು ದಿನ ತೊಟ್ಟಿಗೆ ಇದರಿಂದಲೇ. ‘ತಿಳಿನೀರು’ ಎಂಬ ಪದವನ್ನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಇವತ್ತು ಬಗ್ಗಿ ನೋಡಿದೆ.

೧೭ ಫೆಬ್ರವರಿ, ಭಾನುವಾರ

ಹೂವು ಮುದುಡಿದೆ. ಮೂರು ದಿನದಿಂದ. ಇವತ್ತು ತೊಟ್ಟಿಯಲ್ಲಿದ್ದ ಕೆಂಪು ಗೆರೆಯ ಸಿಗಡಿಯೂ ಅಡಿ ಮೇಲಾಗಿ ಬಿದ್ದಿತ್ತು. ಮೀನಿಗೆ ಏನೂ ಆಗಿಲ್ಲ. ಫೋನಿನಲ್ಲಿ ಇವರಿಗೆ ಹೇಳಿದೆ. ‘ನೀರು ಹಾಕ್ತಾ ಇರು’ ಎಂದರು. ಇನ್ನಷ್ಟು ಶ್ರದ್ಧೆಯಿಂದ ಕೊಡ ತಿಕ್ಕಿದೆ. ಎರಡು ಸಲ ನೀರೆರೆದೆ.

೨೧ ಫೆಬ್ರವರಿ, ಗುರುವಾರ

ಬಂದವರು ಚೀಲವನ್ನೂ ಕೆಳಗಿಡಲಿಲ್ಲ. ಹೂವು ಕರಗಿ ಬೂದು ಲೋಳೆಯಾಗಿತ್ತು. ತೋಳು ಮಡಚಿ ಕೈ ಹಾಕಿ ತಾವೇ ತೆಗೆದರು. ನನ್ನನ್ನು ಬೈಯಲಿಲ್ಲ.

“ನೀ ಎಂತ ಮಾಡ್ತೆ ಅದಕ್ಕೆ? ಹೇಳಿದ್ದಷ್ಟೇ ಮಾಡಿದ್ದೆ. ಈ ಸಲದ ನೀರೇ ಸರಿ ಇಲ್ಲ.”

ನನಗೂ ಹಾಗೇ ಇರಬಹುದು ಅನಿಸಿತು. ನಾನು ಕಾಲೇಜಿಗೆ ಹೋದ ಮೇಲೆ ನಂದಿನಿಗೆ ಫೋನ್ ಮಾಡಿ ಜೋರಾಗಿಯೇ ಮಾತಾಡಿದರಂತೆ.

೨೪ ಫೆಬ್ರವರಿ, ಭಾನುವಾರ

ನಾನು ಒಲೆಯ ಹತ್ತಿರ. ಇವರು ಹಾಲ್‌ನಲ್ಲಿ ಮುಂಬಯಿ ಅಂಗಡಿಯವನ ಜೊತೆ ಫೋನಿನಲ್ಲಿ. “ತಾಮ್ರ? ಛೆ ಛೆ. ನಮ್ಮನೇಲಿ ತಾಮ್ರದ ಪೈಪೂ ಇಲ್ಲ, ತಂತಿನೂ ಇಲ್ಲ” ಎಂದು ಅವನ ಭಾಷೆಯಲ್ಲೇ ಎರಡೆರಡು ಸಲ ಹೇಳಿದರು. ಫೋನ್ ಇಟ್ಟ ಮೇಲೆ ನನ್ನತ್ತ ಕೂಗಿದರು —

“ಕೇಳಿದ್ಯಾ? ತಾಮ್ರ ಸೇರಿದ್ರೆ ಮೀನು ತಡಕೊಳ್ತದಂತೆ, ಹೂವು ಸಿಗಡಿ ತಡಕೊಳ್ಳೂದಿಲ್ವಂತೆ. ತೊಟ್ಟಿಯ ಕಲ್ಲಿನೊಳಗೆ ಹೊಕ್ಕರೆ ಬಿಡೂದೂ ಇಲ್ವಂತೆ. ನಮಗೆ ಸಂಬಂಧ ಇಲ್ಲದ್ದು, ಬಿಡು.”

ಕೊಡ ಕಟ್ಟೆಯ ಮೇಲೆ ಬೋರಲು. ಫಳಫಳ. ಒರೆಸುವ ಬಟ್ಟೆ ನನ್ನ ಕೈಯಲ್ಲಿ. ಅದನ್ನೇ ಕೊಡಕ್ಕೆ ಸುತ್ತಿ ಅಕ್ಕಿ ಡ್ರಮ್ಮಿನ ಹಿಂದೆ ತಳ್ಳಿದೆ. ಸದ್ದಾಗದ ಹಾಗೆ. ಆಮೇಲೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಇವರು ಏನೂ ಹೇಳದೆ ಉಂಡರು.

೨ ಮಾರ್ಚ್, ಭಾನುವಾರ

ನಂದಿನಿ ಬಂದಳು. ಅಂಕೋಲೆಯಿಂದ ಬಸ್ಸಿನಲ್ಲಿ, ತೋರಿಸಲು ಸಣ್ಣ ಬಾಟಲಿಯಲ್ಲಿ ತನ್ನ ಘಟಕದ ನೀರು ಹಿಡಿದುಕೊಂಡು. ಇವರು ಸಂತೆಗೆ ಹೋಗಿದ್ದರು. ಕುರ್ಚಿ ಕೊಟ್ಟರೂ ಅಂಚಿನಲ್ಲೇ ಕೂತಳು, ಕ್ಲಾಸಿನಲ್ಲಿ ಕೂರುತ್ತಿದ್ದಂತೆ.

“ಮೇಡಂ, ಒಂದು ಕೇಳ್ತೆ, ಬೇಜಾರ್ ಮಾಡ್ಕಬೇಡಿ. ನೀರು ಬೇರೆ ಯಾವ ಪಾತ್ರೆಲಾದ್ರೂ ತೆಗೆದಿಟ್ಟಿದ್ರಾ? ತಾಮ್ರ, ಹಿತ್ತಾಳೆ?”

“ಇಲ್ಲ. ನಿನ್ನ ಕ್ಯಾನಿಂದಲೇ, ಸೀದಾ.”

ಎಷ್ಟು ಸರಾಗ! ಹಾಜರಿ ಕೂಗಿದಷ್ಟು.

ಅವಳು ತಲೆ ಆಡಿಸಿದಳು. “ಹಂಗಾರೆ ನಂದೇ ಎಲ್ಲೋ ತಪ್ಪಾಗದೆ.” ಚಹಾ ಪೂರ್ತಿ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು.

ಹೆದರಿದ್ದು ಇವರ ಸಿಟ್ಟಿಗಲ್ಲ. ಇವರು ನನ್ನ ಮೇಲೆ ಸಿಟ್ಟಾಗುವವರೇ ಅಲ್ಲ. ‘ಇಷ್ಟು ಓದಿದವಳು, ಗೋಡೆಯ ಮೇಲಿನ ಮೂರು ಸಾಲು ಓದಲಿಲ್ಲವೇ’ ಎಂಬಂಥ ಒಂದು ನೋಟಕ್ಕೆ. ಅಷ್ಟಕ್ಕೇ.

೧೯ ಮಾರ್ಚ್, ಬುಧವಾರ

ಹದಿನೇಳು ದಿನ ಬರೆಯಲಿಲ್ಲ. ಪುಸ್ತಕ ತೆರೆದರೆ ಮೇಲಿನ ಪುಟವೇ ಕಾಣುತ್ತದೆ.

ಕಾಲನಿಯಲ್ಲಿ ಮಾತು ಹಬ್ಬಿದೆ. ಪಕ್ಕದ ಮನೆಯ ರೂಪಾಲಿ ಗೇಟಿನಲ್ಲಿ ಹಿಡಿದು ನಿಲ್ಲಿಸಿದಳು — “ಮೀನೇ ಬದುಕದ ನೀರು, ಮಕ್ಕಳಿಗೆ ಹೆಂಗೆ ಕುಡಿಸೂದು ವಹಿನಿ? ನಾವು ಬಿಟ್ವಪ್ಪಾ.” ಮೀನು ಬದುಕಿವೆ! ನಮ್ಮ ತೊಟ್ಟಿಯಲ್ಲಿ ಈಜುತ್ತಿವೆ! ಅಷ್ಟನ್ನಾದರೂ ಹೇಳಬಹುದಿತ್ತು. ‘ಹೂಂ’ ಎಂದೆ.

ಹದಿನೆಂಟು ಮನೆ ಹೋಗಿ ಐದು. ನಂದಿನಿ ನೀರು ಸೋಸುವ ಮೆಂಬ್ರೇನ್ ಬದಲಿಸಿದಳಂತೆ. ಟಾಂಕಿಗಳನ್ನು ಒಳಗಿಳಿದು ಉಜ್ಜಿದಳಂತೆ. ನೀರನ್ನು ಧಾರವಾಡಕ್ಕೆ ಪರೀಕ್ಷೆಗೆ ಕಳಿಸಿದ್ದಾಳಂತೆ. ಇಲ್ಲದ ತಪ್ಪನ್ನು ಹುಡುಕುತ್ತಿದ್ದಾಳೆ. ಕ್ಯಾನು ತರುವ ಪ್ರದೀಪನ ರಿಕ್ಷಾ ಈಗ ನಮ್ಮ ಮನೆಯೆದುರು ಹಾರ್ನ್ ಹೊಡೆಯುವುದಿಲ್ಲ. ಅವನು ಈ ಕಡೆ ನೋಡುವುದೂ ಇಲ್ಲ.

ಇವರು ಇನ್ನೊಂದು ಹೂವಿಗೆ ಹೇಳಿ ಕಳಿಸಿದ್ದಾರೆ. ೩೦ರ ಬೆಳಗಿನ ಮುಂಬಯಿ ರೈಲುಗಾಡಿಗೆ ಬರುತ್ತದೆ. ನೀರು ಬೇರೆ ಕಡೆಯದು. ತೊಟ್ಟಿ ಅದೇ. ಕಲ್ಲು ಅವೇ. ಅಂದರೆ ಇದೂ ಸಾಯುತ್ತದೆ.

ಸತ್ತರೆ... ಬೇರೆ ನೀರಿನಲ್ಲೂ ಸತ್ತಿತಲ್ಲ ಎಂದು ನಂದಿನಿಯ ಮೇಲಿನ ಮಾತು ತಾನಾಗಿಯೇ ಹೋಗುತ್ತದೆ. ನಾನು ಬಾಯಿ ತೆರೆಯಬೇಕಾಗಿಯೇ ಇಲ್ಲ.

ಹೀಗೆ ಯೋಚಿಸಿದ್ದೇನೆ. ಪುಟ ಹರಿಯೋಣ ಎನಿಸಿತು. ಬೇಡ. ಇರಲಿ.

೨೯ ಮಾರ್ಚ್, ಶನಿವಾರ, ರಾತ್ರಿ

ಮಧ್ಯಾಹ್ನ ಕಾಲೇಜಿನಿಂದ ಬಂದವಳೇ ನಂದಿನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಕೊಡ, ಹುಳಿ, ಹತ್ತು ದಿನ, ಆವತ್ತಿನ ಸುಳ್ಳು. ಹಿಂದೆ ಯಂತ್ರದ ಗುಂಯ್ ಸದ್ದು. ಅವಳು ಅದನ್ನು ಬಂದ್ ಮಾಡಿದಳು.

“ಹುಳಿ ಹಾಕಿ ತಿಕ್ಕಿದ್ರಾ ಮೇಡಂ?”

“ಹೂಂ.”

“ನಮ್ಮ ನೀರು ಮತ್ತೂ ಬೇಗ ತಾಮ್ರ ಎಳ್ಕಣ್ತದೆ. ಒಳಗೆ ಎಂತದೂ ಇಲ್ಲ ಅಲ್ಲ, ಅದಕ್ಕೆ.”

ಸಿಟ್ಟಿರಲಿಲ್ಲ. ಪಾಠ ಒಪ್ಪಿಸುವಂತೆ ಹೇಳಿದಳು. ಆಮೇಲೆ ಕೇಳಿದಳು —

“ಸರ್‌ಗೆ ಹೇಳಿದ್ರಾ?”

“ಇನ್ನೂ ಇಲ್ಲ.”

“ರೂಪಾಲಿ ಬಾಯೋರಿಗೆ?”

“ಇಲ್ಲ.”

“ಮತ್ತೆ ನನಗೆ ಹೇಳಿ ಎಂತ ಮಾಡೂದು ಮೇಡಂ? ನನಗೆ ನನ್ನ ನೀರು ಗೊತ್ತದೆ.”

ಗೊತ್ತಿರಲಿಲ್ಲ ಅವಳಿಗೆ. ಒಂದು ತಿಂಗಳು ಗೊತ್ತಿಲ್ಲದ ಹಾಗೆ ಮಾಡಿದ್ದೆ ನಾನು.

ಸಂಜೆ ಇವರು ಬಂದರು. ತೊಟ್ಟಿಯ ಗಾಜು ಒರೆಸಿದರು. ಸಿಳ್ಳೆ ಹಾಕುತ್ತಿದ್ದರು. ಹೇಳಲಾಗಲಿಲ್ಲ.

೩೦ ಮಾರ್ಚ್, ಭಾನುವಾರ, ಬೆಳಿಗ್ಗೆ ೬.೧೦

ಇವರು ಶೇವ್ ಮಾಡುತ್ತಿದ್ದಾರೆ. ಗಾಡಿ ಏಳಕ್ಕೆ. ಈಗ ಹೇಳಿದರೆ ಹೊಸ ಹೂವನ್ನು ಈ ತೊಟ್ಟಿಗೆ ಬಿಡುವುದಿಲ್ಲ, ಬಕೆಟ್ಟಿನಲ್ಲಾದರೂ ಉಳಿಸಿಕೊಳ್ಳುತ್ತಾರೆ.

ಅಕ್ಕಿ ಡ್ರಮ್ಮಿನ ಹಿಂದಿನಿಂದ ಕೊಡ ತೆಗೆದೆ. ಮಂಕಾಗಿದೆ. ತಿಕ್ಕಲಿಲ್ಲ. ತೊಟ್ಟಿಯ ಪಕ್ಕ ಸ್ಟೂಲಿನ ಮೇಲಿಟ್ಟೆ, ಇವರ ಚೀಟಿಯ ಕೆಳಗೇ. ಮೀನುಗಳೆರಡೂ ಹೂವಿದ್ದ ಜಾಗದ ಕಲ್ಲಿಗೆ ಮೈ ಉಜ್ಜುತ್ತಿವೆ. ದಿನಾ ಉಜ್ಜುತ್ತವೆ. ದಿನಾ ನೋಡಿದ್ದೇನೆ.

ಮೂರು ವಾಕ್ಯ ಮನಸ್ಸಿನಲ್ಲೇ ಮಾಡಿಕೊಂಡೆ. ಮೂರರಲ್ಲೂ ಆಯಿ ಬರುತ್ತಾಳೆ, ಶ್ರದ್ಧೆ ಬರುತ್ತದೆ. ಮೂರೂ ಚೆಂದ. ಬೇಡ. ಚೆಂದವಿಲ್ಲದ್ದು ಒಂದಿದೆ — ನಂದಿನಿಯ ನೀರು ಸರಿ ಇತ್ತು. ಅದರಿಂದಲೇ ಶುರು. ಆಮೇಲೆ ರೂಪಾಲಿಯ ಗೇಟು. ಆಮೇಲೆ ಬಿಟ್ಟುಹೋದ ಉಳಿದ ಹನ್ನೆರಡು ಮನೆ.

ನಲ್ಲಿ ನಿಂತಿತು. ಚಪ್ಪಲಿಯ ಸದ್ದು. ಹಾಲ್‌ನಲ್ಲಿ ನಿಂತರು.

“ಏ, ಆಯಿ ಕೊಡ ಇಲ್ಲೆಂತಕ್ಕೆ?”

ತಡೆಯಿರಿ ಎಂದೆ. ಹೊರಡಲು ಬೀಗದ ಕೈ ಆಗಲೇ ಹಿಡಿದಿದ್ದಾರೆ. ಮತ್ತೆ ಕರೆಯುತ್ತಿದ್ದಾರೆ. ಏಳುತ್ತೇನೆ. ಮೊದಲ ಮಾತು — ನಂದಿನಿಯ ನೀರು ಸರಿ ಇತ್ತು.