ಅಂಬಿಗನಿಗೆ ಬಿದ್ದ ಮತ

ಮಾರ್ಚ್ ೧೪, ಭಾನುವಾರ ಸಂಜೆ

ಮಗೂ,

ಹೇಗಿದ್ದೀಯ? ನಾನು ಇದ್ದೇನೆ, ಬೆನ್ನುನೋವು ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಜೊತೆಗೆ ಕೆಲಸ ಮಾಡುವವರೊಬ್ಬರು ಕೇಳಿದ್ದಾರೆ, ಮದುವೆಯಾಗಲೇ, ನೀವು ಬೇಡವೆಂದರೆ ಬೇಡ ಅಂತ ನೀನು ಬರೆದಿದ್ದೆ. ಅತ್ತೆ ಮುನಿಸಿಕೊಂಡಿದ್ದಾರೆ ಅಂದುಕೊಂಡಿರುತ್ತೀಯ. ಮುನಿಸೂ ಇಲ್ಲ, ಇನ್ನೊಂದೂ ಇಲ್ಲ. ಮೊನ್ನೆ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ಹೊಕ್ಕಿತ್ತು, ಗಿರಾಕಿ ಹೇಳಿದ ಮೇಲೆ ನೋಡಿದೆ. ಅವರ ಪ್ಯಾಂಟಿನ ಅಂಚಿನಿಂದ ರಕ್ತದ ಕಲೆ ತೆಗೆಯುವುದೇ ದೊಡ್ಡ ಕೆಲಸವಾಯಿತು.

ಓದುಗರ ಬಳಗ ಈಗಲೂ ಭಾನುವಾರ ನಮ್ಮ ಮನೆಯಲ್ಲೇ ಸೇರುತ್ತದೆ. ನಿನ್ನ ಗಂಡ ತೀರಿಹೋದ ಮೇಲೂ ಅವರು ಬರುವುದನ್ನು ಬಿಡಲಿಲ್ಲ, ನಾನೂ ಬೇಡ ಅನ್ನಲಿಲ್ಲ. ಊಟಕ್ಕೆ ಕೂತಾಗೆಲ್ಲ ಅವನು ಬಳಗದವರು ಓದುವ ಆ ಮಲಗಿದ ದೇವರ ಕಾದಂಬರಿಯ ಕಥೆ ಹೇಳುತ್ತಿದ್ದ, ನಾನು ಕಿವಿಯನ್ನು ಕುಕ್ಕರಿನ ಕಡೆ ಇಟ್ಟು ಹೂಂಗುಟ್ಟುತ್ತಿದ್ದೆ. ಈಗ ನಾನೇ ಕೂತು ಅಷ್ಟೂ ಸಂಪುಟ ಓದಿದ್ದೇನೆ. ಎಂಥಾ ದೇವರು ಅಂತೀನಿ. ಕಡಲಾಚೆ ಎಲ್ಲೋ ಮಲಗಿ ಲೋಕವನ್ನೆಲ್ಲ ಕನಸು ಕಾಣುತ್ತಾನಂತೆ, ಆ ಕನಸಿನೊಳಗೆ ತಾನೂ ಒಬ್ಬ ಮಾಮೂಲಿ ಮನುಷ್ಯನಾಗಿ ಓಡಾಡುತ್ತಾನಂತೆ, ತಾನು ದೇವರೆಂದು ಅವನಿಗೇ ಗೊತ್ತಿಲ್ಲ. ಆ ಮನುಷ್ಯ ಸತ್ತ ಗಳಿಗೆ ದೇವರಿಗೆ ಎಚ್ಚರ, ಲೋಕ ಮಾಯ. ಅವನು ಯಾರು ಅಂತಲೇ ಇಷ್ಟು ವರ್ಷ ಇವರೆಲ್ಲ ಗಂಟಲು ಹರಿದುಕೊಂಡಿದ್ದು.

ದೇವರು ಯಾರು ಅಂತ ಒಬ್ಬೊಬ್ಬರೂ ತಮ್ಮ ಮತ ಬರೆದಿಟ್ಟ ಹಜಾರದ ಕರಿಹಲಗೆ ನೆನಪಿದೆಯಲ್ಲ? ನಿನ್ನ ಮತ ಕುಂಟ ರಾಜಕುಮಾರನಿಗೆ. ಕನ್ನಡಕದಂಗಡಿಯವರು ಅರಮನೆಯ ಅಡುಗೆಯವನೇ ದೇವರು ಅನ್ನುತ್ತಾರೆ, ಅವರ ಹೊಟ್ಟೆ ನೋಡಿದರೆ ಯಾಕೆಂದು ತಿಳಿಯುತ್ತದೆ. ನಮ್ಮವನದು ಅಂಬಿಗ. ಎಲ್ಲರನ್ನೂ ದಡ ಮುಟ್ಟಿಸುತ್ತಾನೆ, ತಾನು ಮಾತ್ರ ಎಲ್ಲೂ ಇಳಿಯುವುದಿಲ್ಲ, ಇನ್ಯಾರು ಅಮ್ಮ ಅನ್ನುತ್ತಿದ್ದ. ಅವರವರ ಮತವನ್ನು ಅವರೇ ಅಳಿಸಬೇಕು, ಬೇರೆಯವರು ಕೈ ಹಚ್ಚುವ ಹಾಗಿಲ್ಲ ಅನ್ನುವುದು ಬಳಗದ ಕಟ್ಟುಪಾಡು. ಹಾಗಾಗಿ ಅವನ ಮತ ಅಲ್ಲೇ ಉಳಿದಿತ್ತು.

ಈ ತಿಂಗಳು ಹೊಸ ಸಂಪುಟ ಬಂತು. ಅದರಲ್ಲಿ ಅಂಬಿಗ ಸಾಯುತ್ತಾನೆ. ಯುದ್ಧವಿಲ್ಲ, ಶಾಪವಿಲ್ಲ, ಜ್ವರ ಬಂದು ದೋಣಿಯಲ್ಲೇ ಹೋಗುತ್ತಾನೆ. ಮುಂದಿನ ಅಧ್ಯಾಯ ತೆರೆದರೆ ಪೇಟೆಯಲ್ಲಿ ಮೀನು ಮಾರುತ್ತಿದ್ದಾರೆ.

ಇವತ್ತು ಎಲ್ಲರೂ ಬಂದರು. ಓದಿಕೊಂಡೇ ಬಂದಿದ್ದರು, ಆದರೆ ಅಂಬಿಗ ಸತ್ತ ಅಂತ ಒಬ್ಬರೂ ಒಪ್ಪಲೊಲ್ಲರು. ಕನ್ನಡಕದಂಗಡಿಯವರು ಆ ಹೆಣ ಬೇರೆ ಯಾರದೋ ಇರಬಹುದು ಅಂದರು. ನಮ್ಮ ಉದ್ದಣ್ಣ, ಅದೇ ಬಾಗಿಲಿಗೆ ತಲೆ ಹೊಡೆಸಿಕೊಳ್ಳುವ ಬಸ್ ಕಂಡಕ್ಟರ್, ಜ್ವರದಲ್ಲಿ ಎಚ್ಚರ ತಪ್ಪಿದ್ದನ್ನು ಸಾವು ಅಂತ ಬರೆದಿರಬೇಕು ಅಂದ. ಮಾತಿಗೊಮ್ಮೆ ನನ್ನ ಮುಖ ನೋಡುತ್ತಿದ್ದರು. ನನಗೋಸ್ಕರ ಅಂಬಿಗನನ್ನು ಬದುಕಿಸಲು ಒದ್ದಾಡುತ್ತಿದ್ದರು ಮಗೂ, ಒಳ್ಳೆಯ ಜನ. ನಾನು ಟೀ ಬಗ್ಗಿಸುತ್ತಿದ್ದೆ.

"ಅಂಬಿಗ ಸತ್ತಿದ್ದಾನೆ ಕಣ್ರಪ್ಪ," ಅಂದೆ. "ಲೋಕ ಹಾಗೇ ಇದೆ. ನನ್ನ ಮಗ ಹೇಳಿದ್ದು ತಪ್ಪು."

ಹಲಗೆ ಮುಟ್ಟಬೇಡಿ, ಇರಲಿ ಬಿಡಿ ಅಂತ ಕನ್ನಡಕದಂಗಡಿಯವರು ಎದ್ದು ನಿಂತರು. ಅಷ್ಟರಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಿದ್ದೆ. ಅದು ಅವನದೇ ಕೈಬರಹ ಅನ್ನುವುದು ಆಮೇಲೆ ಹೊಳೆಯಿತು. ಈಗ ಅಳು ಬರುತ್ತದೇನೋ ಅಂತ ಸ್ವಲ್ಪ ಹೊತ್ತು ನಿಂತೆ. ಬರಲಿಲ್ಲ, ಲೋಟ ತೊಳೆದಿಟ್ಟು ನಿನಗೆ ಬರೆಯಲು ಕೂತೆ.

ಮದುವೆಯಾಗು. ಬಾಯಿಮಾತಿಗೆ ಹೇಳುತ್ತಿಲ್ಲ. ಅವರನ್ನು ಒಮ್ಮೆ ಕರೆದುಕೊಂಡು ಬಾ, ಪ್ಯಾಂಟು ಉದ್ದವಾಗಿದ್ದರೆ ಕೂಲಿಯಿಲ್ಲದೆ ಮಡಿಚಿ ಹೊಲಿದುಕೊಡುತ್ತೇನೆ. ನಿಮಗೆ ಸಂತೋಷವಾಯಿತಾ ಅಂತ ಮಾತ್ರ ಕೇಳಬೇಡ, ಒಳಗೆಲ್ಲ ಮರಗಟ್ಟಿದ ಹಾಗಿದೆ. ಇಬ್ಬರೂ ತಲೆ ನರೆಯುವವರೆಗೆ ಜೊತೆಯಾಗಿ ಬಾಳಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ

ಇನ್ನೊಂದು ಮಾತು: ಮೇಲಿನ ಸಾಲು ಬರೆಯುವಾಗ ಕೈ ನಿಂತಿತು. ಇನ್ನು ನಿನಗೆ ಬೇರೆ ಅತ್ತೆ ಇರುತ್ತಾರೆ, ಅವರೆದುರು ನನ್ನನ್ನು ಏನಂತ ಕರೆಯುತ್ತೀಯೋ. ಆಂಟಿ ಅನ್ನಬೇಡ ಮಗೂ. ಅಮ್ಮ ಅನ್ನುವವನು ಹೋದ. ನೀನೂ ಅತ್ತೆ ಅನ್ನುವುದನ್ನು ಬಿಟ್ಟರೆ ನಾನು ಯಾರಿಗೂ ಏನೂ ಅಲ್ಲ.